ಗುರುದತ್ ನಮ್ಮವರು ಸರಿ, ಆ ಬೆಳಕು ಯಾರದ್ದು?

ಉತ್ತರ ಕನ್ನಡದಲ್ಲಿ ಹಿಂದಿ ಸಿನಿಮಾದ ನಟ, ನಿರ್ದೇಶಕ ಗುರುದತ್ ಹೆಸರು ಎತ್ತಿದರೆ ಯಾರಾದರೊಬ್ಬರು ಶಿರಾಲಿಯ ಮಾತು ತೆಗೆದೇ ತೆಗೆಯುತ್ತಾರೆ. ಅವರು ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಆದರೆ ಮನೆತನ ಚಿತ್ರಾಪುರ ಸಾರಸ್ವತರದ್ದು. ಆ ಸಮಾಜದ ಮಠ ಇರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಹಾಗಾಗಿ ನಮ್ಮವರು.

2025ರಲ್ಲಿ ಅವರ ಶತಮಾನೋತ್ಸವ ಬಂತು. ನನ್ನ ಮೊಬೈಲಿಗೆ ಒಂದೇ ತುಣುಕು ನಾಲ್ಕು ಸಲ ಬಂತು. ಖಾಲಿ ಸ್ಟುಡಿಯೋ, ಮೇಲಿಂದ ಓರೆಯಾಗಿ ಇಳಿಯುವ ದಪ್ಪ ಬಿಸಿಲುಕೋಲು, ಗುರುದತ್ ಮತ್ತು ವಹೀದಾ ರೆಹಮಾನ್. ಜೊತೆಗೆ ಒಂದು ಸಾಲು: 'ಗುರುದತ್ ತೆಗೆದ ಅದ್ಭುತ ಶಾಟ್'. ಶಿರಸಿಯ ಗೆಳೆಯರ ನಡುವೆ ವಾದ ಶುರುವಾಯಿತು. ಶಾಟ್ ನಿರ್ದೇಶಕನದ್ದಾ, ಕ್ಯಾಮೆರಾಮನ್‌ದಾ? ಪ್ರಶಸ್ತಿ ಯಾರಿಗೆ ಬಂತು? ಅಷ್ಟು ತಡವಾಗಿ ಯಾಕೆ ಬಂತು? ಒಂದಕ್ಕೊಂದು ತಳುಕು ಹಾಕಿಕೊಂಡ ಈ ಪ್ರಶ್ನೆಗಳನ್ನು ಬಿಡಿಸಬೇಕಾದರೆ ಮೈಸೂರಿನಿಂದ ಶುರು ಮಾಡಬೇಕು.

ಆ ಶಾಟಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ. ಅವರು ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಸಿನಿಮಾ ಹುಚ್ಚಿನಲ್ಲಿ ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ ವಾಪಸ್ ಬಂದವರು. ಪಿಟೀಲು ನುಡಿಸುತ್ತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು. 1946ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ನಮ್ಮ ರಾಜ್ಯದ ಒಂದು ಪಾಲಿಟೆಕ್ನಿಕ್‌ನಲ್ಲಿ ಈ ವಿದ್ಯೆ ಕಲಿಸುತ್ತಿದ್ದರು ಅನ್ನೋದೇ ಹೆಮ್ಮೆಯ ವಿಷಯ. ನಾವು ಅದನ್ನು ಹೇಳಿಕೊಳ್ಳುವುದೇ ಇಲ್ಲ.

ಮುಂಬೈಯಲ್ಲಿ ಕೆಲವು ವರ್ಷ ಸಹಾಯಕನ ಕೆಲಸ. 1951ರ 'ಬಾಜಿ' ಗುರುದತ್ ನಿರ್ದೇಶಿಸಿದ ಮೊದಲ ಸಿನಿಮಾ. ಅದರ ಕ್ಯಾಮೆರಾಮನ್ ವಿ. ರಾತ್ರಾ, ಸಹಾಯಕ ಮೂರ್ತಿ. ಹಾಡೊಂದರಲ್ಲಿ ಒಂದು ಕಷ್ಟದ ಶಾಟನ್ನು ಹೇಗೆ ತೆಗೆಯಬಹುದು ಎಂದು ಸೂಚಿಸಿದ್ದು ಈ ಸಹಾಯಕ. ಗುರುದತ್‌ಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನ ಸಿನಿಮಾಕ್ಕೆ ನೀನೇ ಕ್ಯಾಮೆರಾಮನ್ ಎಂದುಬಿಟ್ಟರು. ಆ ಮುಂದಿನ ಸಿನಿಮಾ 1952ರ 'ಜಾಲ್'. ಕಥೆ ನಡೆಯುವುದು ಗೋವಾದ ಮೀನುಗಾರರ ಊರಿನಲ್ಲಿ. ಕಾರವಾರದವರಿಗೆ ಅದು ದೂರದ ಕಥೆಯಲ್ಲ. ಕಾಳಿ ಸೇತುವೆ ದಾಟಿ ಮಾಜಾಳಿಯಿಂದ ಆಚೆ ಹೋದರೆ ಅದೇ ಕಡಲು, ಅದೇ ಬಲೆ.

ಅಲ್ಲಿಂದ 'ಆರ್ ಪಾರ್', 'ಮಿಸ್ಟರ್ ಆ್ಯಂಡ್ ಮಿಸೆಸ್ 55', 'ಸಿಐಡಿ', 1957ರಲ್ಲಿ 'ಪ್ಯಾಸಾ'. ನಾನು ನಿಲ್ಲಬೇಕೆಂದಿರುವುದು 1959ರ 'ಕಾಗಜ್ ಕೆ ಫೂಲ್' ಹತ್ತಿರ. ಮೊಬೈಲಿಗೆ ಬಂದ ಆ ತುಣುಕು ಇದರದ್ದೇ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಅಗಲವಾದ ದೃಶ್ಯವನ್ನು ವಿಶೇಷ ಲೆನ್ಸ್ ಹಿಂಡಿ ಮಾಮೂಲಿ ಫಿಲ್ಮ್‌ನೊಳಗೆ ಕೂರಿಸುತ್ತದೆ. ಟಾಕೀಸಿನ ಪ್ರೊಜೆಕ್ಟರಿನಲ್ಲಿರುವ ಇನ್ನೊಂದು ಲೆನ್ಸ್ ಅದನ್ನು ಮತ್ತೆ ಹಿಗ್ಗಿಸುತ್ತದೆ. ಪರದೆಯ ಅಗಲ ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಜಾಸ್ತಿ. ಅಷ್ಟು ಜಾಗವನ್ನು ಕಪ್ಪು-ಬಿಳುಪಿನಲ್ಲಿ ತುಂಬಬೇಕು, ಖಾಲಿ ಬಿಡಬೇಕಾದ ಕಡೆ ಖಾಲಿಯನ್ನೂ ಕಾಣಿಸಬೇಕು.

ಇನ್ನು ಆ ಬಿಸಿಲುಕೋಲು. ದೊಡ್ಡ ಲೈಟು ಹಚ್ಚಿದರೆ ಆ ಥರದ ನೇರ, ಬಿಗಿಯಾದ ಕಿರಣ ಬರುವುದಿಲ್ಲ. ಲೈಟಿನ ಬೆಳಕು ದೂರ ಹೋದಂತೆ ಹರಡುತ್ತದೆ. ಸೂರ್ಯ ಕೋಟಿಗಟ್ಟಲೆ ಮೈಲಿ ದೂರ ಇರುವುದರಿಂದ ಬಿಸಿಲು ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಬರುತ್ತದೆ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಸ್ಟುಡಿಯೋ ಹೊರಗೆ ಬಿಸಿಲಿಗೆ ಹಿಡಿದರು. ಅದು ಒಳಗೆ ಎಸೆದ ಬೆಳಕನ್ನು ಮೇಲೆ ಇಟ್ಟ ಎರಡನೇ ಕನ್ನಡಿ ಕೆಳಕ್ಕೆ ಇಳಿಸಿತು. ಒಳಗೆ ಸ್ವಲ್ಪ ಹೊಗೆ ಹಾಕಿದರು. ಅಷ್ಟೇ.

ಹೊಗೆ ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಂಚಿನ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹಂಚು ಇರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲು ಅಡುಗೆಮನೆಗೆ ಬೀಳುತ್ತದೆ. ಒಲೆ ಹಚ್ಚುವ ಮುಂಚೆ ನೆಲದ ಮೇಲೆ ಚೌಕಾಕಾರದ ಬೆಳಕು ಮಾತ್ರ. ಒಲೆ ಊದಿ ಹೊಗೆ ಎದ್ದ ಕೂಡಲೇ ಮಾಡಿನಿಂದ ನೆಲದವರೆಗೆ ಕೋಲು ನಿಲ್ಲುತ್ತದೆ. ಅಡಿಕೆ ಬೇಯಿಸುವ ದಿನಗಳಲ್ಲಿ ಇನ್ನೂ ದಪ್ಪ. ಮೂರ್ತಿ ಅದನ್ನೇ ಒಂದು ದೊಡ್ಡ ಸ್ಟುಡಿಯೋದಲ್ಲಿ, ತಮಗೆ ಬೇಕಾದ ಜಾಗಕ್ಕೆ, ಬೇಕಾದ ಓರೆಯಲ್ಲಿ ತಂದರು.

ಹಾಗಾದರೆ ಶಾಟ್ ಯಾರದ್ದು? ಅಂಥ ಬೆಳಕು ಬೇಕು ಅನ್ನಿಸಿದ್ದು ಗುರುದತ್‌ಗೆ, ಅದನ್ನು ತಂದುಕೊಟ್ಟಿದ್ದು ಮೂರ್ತಿ. ಇಬ್ಬರದ್ದೂ ಅನ್ನಬಹುದು. ಆದರೆ ಬೇಕು ಅಂದವರ ಹೆಸರು ಮಾತ್ರ ಉಳಿದುಬಿಡುತ್ತದೆ.

ಚಿತ್ರ ಸೋತಿತು. ಆಮೇಲೆ ಗುರುದತ್ ನಿರ್ದೇಶಕರಾಗಿ ಹೆಸರು ಹಾಕಿಕೊಳ್ಳಲಿಲ್ಲ. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಅನ್ನು ಅಬ್ರಾರ್ ಅಲ್ವಿ ನಿರ್ದೇಶಿಸಿದರು. ಅದರಲ್ಲಿ ಒಂದು ಕುಣಿತವಿದೆ. ನಡುವಿನ ನರ್ತಕಿಗೆ ಮಾತ್ರ ಬೆಳಕು, ಸುತ್ತ ಕುಣಿಯುವವರೆಲ್ಲ ಬರೀ ನೆರಳು. ಈ ಎರಡು ಚಿತ್ರಗಳಿಗೂ ಮೂರ್ತಿಗೆ ಫಿಲ್ಮ್‌ಫೇರ್ ಬಂತು. 1964ರಲ್ಲಿ ಗುರುದತ್ ತೀರಿಕೊಂಡರು. ನಂತರದ ಮೂವತ್ತು ವರ್ಷ ಮೂರ್ತಿ ಬಣ್ಣದ ಚಿತ್ರ, ಟಿವಿ ಧಾರಾವಾಹಿ ಅಂತ ದುಡಿಯುತ್ತಲೇ ಇದ್ದರು. 1993ರಲ್ಲಿ ಕನ್ನಡದ 'ಹೂವು ಹಣ್ಣು' ಮಾಡಿದಾಗ ಅವರಿಗೆ ಎಪ್ಪತ್ತು.

ಅವರ ವಿದ್ಯೆ ನಮ್ಮ ಕಡೆಗೆ ಬಂದಿದ್ದು ಇನ್ನೊಂದು ದಾರಿಯಿಂದ. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿ ಮೂರ್ತಿ ಕೈಕೆಳಗೆ ಕಲಿತವರು ಗೋವಿಂದ ನಿಹಲಾನಿ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ್ ಕಾರ್ನಾಡರು 'ಕಾಡು' ನಿರ್ದೇಶಿಸಿದಾಗ ಕ್ಯಾಮೆರಾ ಹಿಡಿದಿದ್ದು ನಿಹಲಾನಿ. ಶಿರಾಲಿ ಮಠದ ನೆರಳಿನಲ್ಲಿ ಬೆಳೆದ ಅನಂತ್ ನಾಗ್ 'ಅಂಕುರ್'ನಲ್ಲಿ ಕಾಣಿಸಿಕೊಂಡಾಗಲೂ ಅವರೇ.

ಈಗ ಪ್ರಶಸ್ತಿಯ ಗೋಜಲು. ರಾಷ್ಟ್ರ ಪ್ರಶಸ್ತಿಗಳಲ್ಲಿ ಛಾಯಾಗ್ರಹಣ ಅನ್ನುವ ವಿಭಾಗ ಸೇರಿದ್ದು 1967ರ ಚಿತ್ರಗಳಿಂದ. 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ' ಎಲ್ಲವೂ ಅದಕ್ಕೆ ಮೊದಲಿನವು. ಸಿನಿಮಾದವರ ಜೀವಮಾನದ ಸಾಧನೆಗೆ ಕೊಡುವ ಫಾಲ್ಕೆ ಪ್ರಶಸ್ತಿ ಶುರುವಾಗಿದ್ದು 1969ರ ಸಾಲಿನಿಂದ. ನಟರು, ನಿರ್ದೇಶಕರು, ನಿರ್ಮಾಪಕರು, ಗಾಯಕರು ಸಾಲಾಗಿ ಪಡೆದರು. ಕ್ಯಾಮೆರಾಮನ್ ಒಬ್ಬರಿಗೆ ಮೊದಲ ಸಲ ಸಿಕ್ಕಿದ್ದು 2008ರ ಸಾಲಿನದ್ದು. ಅದನ್ನು 2010ರಲ್ಲಿ ಕೊಟ್ಟರು. ಆಗ ಮೂರ್ತಿಗೆ ಎಂಬತ್ತಾರು ದಾಟಿತ್ತು. ಯಾರೋ ಬೇಕಂತಲೇ ತಡೆದರು ಅನ್ನುವಂತಿಲ್ಲ. ಕ್ಯಾಮೆರಾದ ಹಿಂದೆ ನಿಂತವರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಇಷ್ಟು ವರ್ಷ ಹೊಳೆಯಲೇ ಇಲ್ಲ. ನನಗೆ ಅದೇ ಜಾಸ್ತಿ ಬೇಸರ. 2014ರ ಏಪ್ರಿಲ್ 7ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. 2023ಕ್ಕೆ ಅವರಿಗೂ ನೂರು ತುಂಬಿತು. ಆ ವರ್ಷ ನನ್ನ ಮೊಬೈಲಿಗೆ ಒಂದೂ ತುಣುಕು ಬರಲಿಲ್ಲ.

ಮೂರ್ತಿ ಹೆಸರು ನಮಗೆ ನೆನಪಾಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಎಷ್ಟೋ ಜನ 'ಕಾಗಜ್ ಕೆ ಫೂಲ್' ನೋಡಿದ್ದು ಹಳೇ ಡಬ್ಬಾ ಟಿವಿಯಲ್ಲಿ. ಸಿನಿಮಾಸ್ಕೋಪ್ ಚಿತ್ರವನ್ನು ಆ ಚೌಕಕ್ಕೆ ಪೂರ್ತಿ ತುಂಬಿಸಬೇಕಾದರೆ ನೂರರಲ್ಲಿ ಸುಮಾರು 43 ಪಾಲು ಕತ್ತರಿಸಿ ಹೋಗುತ್ತದೆ. ಅದೂ ಎರಡು ಅಂಚಿನದ್ದು. ಆಂಟೆನಾ ತಿರುಗಿಸುತ್ತಾ ನೋಡಿದ ನನಗೆ ಅದು ಮಬ್ಬು ಮಬ್ಬಾದ ಒಂದು ದುಃಖದ ಸಿನಿಮಾ ಆಗಿತ್ತು, ಅಷ್ಟೇ.

ಕಳೆದ ಮಳೆಗಾಲದಲ್ಲಿ ಗೆಳೆಯನ ಪ್ರೊಜೆಕ್ಟರ್ ತಂದು ಮನೆಯ ಬಿಳಿ ಗೋಡೆಗೆ ಪೂರ್ತಿ ಅಗಲದಲ್ಲಿ ಹಾಕಿದೆ. ಹಾಡು ಬಂತು. ಆ ಕಡೆ ಅವರು, ಈ ಕಡೆ ಇವರು, ನಡುವೆ ಅಷ್ಟೂ ಖಾಲಿ. ಮೇಲಿಂದ ಬೆಳಕು ಇಳಿಯಿತು. ಆಯಿ ಕೈಯಲ್ಲಿದ್ದ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

'ನಮ್ಮನೆ ಅಡುಗೆಮನೆ ಇದ್ದಾಂಗೆ ಇದ್ದು ಅಲ್ದಾ?' ಅಂದಳು. ಆಮೇಲೆ, 'ಯಾರು ಮಾಡಿದ್ದು ಇದು?'

ನಾನು ಮೂರ್ತಿ ಹೆಸರು ಹೇಳಿದೆ. ಮೈಸೂರಿನವರು ಅಂದೆ.