ಲೇಥ್ ಚೂರಿನಿಂದ 3ಡಿ ಪ್ರಿಂಟ್ ಮಾಡಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಲೇಥ್‌ನಿಂದ ಬೀಳುವ ಚೂರನ್ನೆಲ್ಲ ಗುಜರಿಗೆ ಹಾಕ್ತೀವಿ. ಅದನ್ನೇ ಮೆಟಲ್ 3ಡಿ ಪ್ರಿಂಟರ್‌ಗೆ ಬಳಸೋಕಾಗುತ್ತಾ?

ಉತ್ತರ: ಆಗುತ್ತದೆ. ಆದರೆ ಚೂರನ್ನು ಹಾಗೇ ಸುರಿಯುವಂತಿಲ್ಲ.

ಲೇಸರ್ ಪ್ರಿಂಟರ್ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಕರಗಿಸುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು. ಪುಡಿಯ ಕಣ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಇರಬೇಕು. ರಾಗಿ ಕಾಳಿನ ಹಾಗೆ ದುಂಡಗಿದ್ದು ಸಲೀಸಾಗಿ ಹರಿಯಬೇಕು. ಮೊನಚು ಚೂರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಪದರ ಸಮನಾಗಿ ಕೂರುವುದಿಲ್ಲ, ಭಾಗದೊಳಗೆ ತೂತು ಉಳಿಯುತ್ತದೆ.

ದುಂಡಗೆ ಮಾಡುವುದು ಹೇಗೆ? ಚೂರಿಗೆ ಅಂಟಿದ ಕೂಲಂಟ್ (ಲೋಹ ಕೊರೆಯುವಾಗ ತಂಪಿಗೆ ಸುರಿಯುವ ದ್ರವ) ತೊಳೆದು, ಕರಗಿಸಿ, ಸಣ್ಣ ಧಾರೆಯಾಗಿ ಬಿಡುತ್ತಾರೆ. ಅದಕ್ಕೆ ಆರ್ಗಾನ್ ಅನಿಲವನ್ನು ಜೋರಾಗಿ ಹಾಯಿಸಿದರೆ ಧಾರೆ ಹನಿಹನಿಯಾಗಿ ಒಡೆದು, ಬೀಳುವಷ್ಟರಲ್ಲೇ ಗಟ್ಟಿಯಾಗುತ್ತದೆ. ಇದೇ ಗ್ಯಾಸ್ ಅಟಾಮೈಸೇಶನ್. ಅಮೆರಿಕದ 6ಕೆ ಅಡಿಟಿವ್ ಕಂಪನಿ ಚೂರನ್ನು ಸಣ್ಣದಾಗಿ ಪುಡಿಮಾಡಿ, ಮೈಕ್ರೋವೇವ್ ಪ್ಲಾಸ್ಮಾದ (ಮೈಕ್ರೋವೇವ್‌ನಿಂದ ವಿಪರೀತ ಕಾಯಿಸಿದ ಅನಿಲ) ಮೂಲಕ ಹಾಯಿಸಿ ದುಂಡಾಗಿಸುತ್ತದೆ. 2025ರ ಆಪಲ್ ವಾಚ್ ಅಲ್ಟ್ರಾ 3ರ ಕೇಸ್ ಪೂರ್ತಿ ಮರುಬಳಕೆಯ ಟೈಟಾನಿಯಂ ಪುಡಿಯಿಂದಲೇ ಪ್ರಿಂಟ್ ಆಗುತ್ತದೆ. 60 ಮೈಕ್ರಾನ್ ದಪ್ಪದ ಪದರಗಳು, ಒಂದು ಕೇಸಿಗೆ 900ಕ್ಕೂ ಜಾಸ್ತಿ!

ನನಗೆ ದೊಡ್ಡ ತಲೆನೋವು ಅನ್ನಿಸುವುದು ಬೆರಕೆ. ಇವತ್ತು ಅಲ್ಯೂಮಿನಿಯಂ ಕೆಲಸ, ನಾಳೆ ಸ್ಟೀಲ್, ಚೂರೆಲ್ಲ ಒಂದೇ ಡ್ರಮ್ಮಿಗೆ ಅಲ್ವಾ? ಅಲ್ಯೂಮಿನಿಯಂಗೆ ಕಬ್ಬಿಣ ಸೇರಿತೆಂದರೆ ಮತ್ತೆ ತೆಗೆಯುವುದು ಬಹಳ ಕಷ್ಟ, ಲೋಹ ಪೆಡಸಾಗುತ್ತದೆ. ಟೈಟಾನಿಯಂ ಇನ್ನೂ ನಾಜೂಕು. ಬಿಸಿಯಾದಾಗ ಅದು ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ, ಸುಮ್ನೆ ಮರುಕರಗಿಸಿದರೆ ಆ ಆಮ್ಲಜನಕ ಹೋಗುವುದಿಲ್ಲ. ಗ್ರೇಡ್ 5 ಎಂಬ ಬಗೆಯ ಟೈಟಾನಿಯಂನಲ್ಲಿ ಆಮ್ಲಜನಕದ ಮಿತಿ ಬರೀ ಶೇ 0.2. ಇನ್ನು ಮುರಿದ ಕಾರ್ಬೈಡ್ ಇನ್ಸರ್ಟ್ (ಲೋಹ ಕೊರೆಯುವ, ಟಂಗ್‌ಸ್ಟನ್ ಕಾರ್ಬೈಡ್‌ನ ಗಟ್ಟಿ ಅಲಗು) ತುಣುಕು ಚೂರಿನಲ್ಲಿದ್ದರಂತೂ ಮುಗಿಯಿತು. ಟೈಟಾನಿಯಂ ಕರಗುವ ಶಾಖದಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಕರಗುವುದಿಲ್ಲ. ವಿಮಾನದ ಭಾಗದಲ್ಲಿ ಅದು ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗಬಹುದು. ಅದಕ್ಕೇ ಇಂಥ ಚೂರನ್ನು ಎಕ್ಸ್‌ರೇ ಹಾಕಿ ನೋಡುತ್ತಾರೆ.

ಹಾಗಾಗಿ ನಿಮ್ಮ ಶಾಪ್‌ನಲ್ಲಿ ಮೊದಲು ಗ್ರೇಡ್‌ಗೊಂದು ಡ್ರಮ್ ಇಡಿ. ಮೇಲೆ ಗ್ರೇಡ್ ಬರೆಯಿರಿ, ಕೆಲಸ ಬದಲಾದಾಗ ಮಷೀನ್ ಟ್ರೇ ಗುಡಿಸಿ. ಶುರುವಿಗೆ 316ಎಲ್ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, ಟೈಟಾನಿಯಂನಷ್ಟು ಕಾಟ ಕೊಡುವುದಿಲ್ಲ. ಪುಡಿ ಮಾಡುವ ಕೆಲಸ ಮಾತ್ರ ಅದಕ್ಕೆಂದೇ ಇರುವ ಘಟಕಕ್ಕೆ ಬಿಡಿ. ಅಲ್ಯೂಮಿನಿಯಂ, ಟೈಟಾನಿಯಂನ ನುಣ್ಣನೆ ಪುಡಿ ಗಾಳಿಯಲ್ಲಿ ಎದ್ದಾಗ ಒಂದು ಕಿಡಿ ಬಿದ್ದರೂ ಸ್ಫೋಟಿಸುತ್ತದೆ.