ಕುಸಿದ ಗುಡ್ಡದ ಉಸಿರು

ರೋಕ್‌ಫೋರ್ ಎಂದರೆ ಗಟ್ಟಿ ಬಂಡೆ. ಹೆಸರಿಟ್ಟವರು ತಮಾಷೆಗೆ ಇಟ್ಟರೋ ಏನೋ, ತನ್ನದೇ ಹೆಸರಿನ ನೀಲಿ ಚೀಸಿಗೆ ಹೆಸರಾದ ದಕ್ಷಿಣ ಫ್ರಾನ್ಸಿನ ಈ ಹಳ್ಳಿಗೆ ಅನ್ನ ಹಾಕುತ್ತಿರುವುದು ಮುರಿದು ಬಿದ್ದ ಬಂಡೆ.

ಅವೆರೋಂ ಜಿಲ್ಲೆಯಲ್ಲಿ, ಮಿಯೊ ಪಟ್ಟಣದಿಂದ ಸುಮಾರು ಅರ್ಧ ಗಂಟೆಯ ದಾರಿ. ಸುಲ್ಜೋಂ ಎಂಬ ಪುಟ್ಟ ಹೊಳೆಯ ಮೇಲ್ಗಡೆ, ಕೊಂಬಾಲು ಗುಡ್ಡದ ಉತ್ತರ ಮಗ್ಗುಲಿಗೆ ಊರು ಒರಗಿಕೊಂಡಿದೆ. ಜನಸಂಖ್ಯೆ 500-600ರ ಆಸುಪಾಸು. ಬೀದಿಯಲ್ಲಿ ನಿಂತು ನೋಡಿದರೆ ಇಳಿಜಾರಿಗೆ ಅಂಟಿಕೊಂಡ ಸಾಧಾರಣ ಕಟ್ಟಡಗಳ ಸಾಲು, ಅಷ್ಟೆ. ಬಾಗಿಲು ತೆರೆದು ಒಳಗೆ ಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಚೀಸು ಹದಗೊಳಿಸುವ ಒಂದು ನೆಲಮಾಳಿಗೆ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕೆಲವು ಕಡೆ ಹತ್ತು ಹನ್ನೊಂದು ಅಂತಸ್ತು ಗುಡ್ಡದ ಹೊಟ್ಟೆಯೊಳಕ್ಕೆ ಇಳಿಯುತ್ತವೆ. ಊರಿನ ದೊಡ್ಡ ಭಾಗ ಕಣ್ಣಿಗೆ ಕಾಣುವುದೇ ಇಲ್ಲ.

ಗುಡ್ಡ ಕುಸಿಯಿತು ಎಂದರೆ ನಮಗೆ ನೆನಪಾಗುವುದು ಅನಾಹುತ. ಇಲ್ಲಿ ಅದೇ ಬಂಡವಾಳವಾಯಿತು. ಕೊಂಬಾಲುವಿನ ನೆತ್ತಿಯಲ್ಲಿರುವುದು ಜುರಾಸಿಕ್ ಕಾಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣಕಲ್ಲು. ಅದರಡಿ ಜೇಡಿಯ ಹಾಸು. ಮಳೆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಜೇಡಿಯನ್ನು ಮುಟ್ಟಿದ ಮೇಲೆ ಮುಂದೆ ದಾರಿಯಿಲ್ಲ. ಜೇಡಿ ನೆನೆದು ಜಾರುತ್ತದೆ, ಮೇಲಿನ ಕಲ್ಲು ಆಸರೆ ಕಳೆದುಕೊಳ್ಳುತ್ತದೆ. ಹಾಗೆ ಗುಡ್ಡದ ಅಂಚು ಕಳಚಿ ಕೆಳಗೆ ಜಾರಿತು. ಸುಮಾರು 2 ಕಿ.ಮೀ. ಉದ್ದ, 300 ಮೀಟರ್ ಅಗಲದ ಕಲ್ಲುರಾಶಿ. ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದ ಬಂಡೆಗಳ ನಡುವೆ ಸಂದುಗಳು ಉಳಿದವು. ಆ ಸಂದುಗಳಲ್ಲಿ ಗಾಳಿ ಓಡಾಡತೊಡಗಿತು. ಊರಿನವರು ಇವನ್ನು ‘ಫ್ಲರೀನ್’ ಎನ್ನುತ್ತಾರೆ.

ಫ್ಲರೀನ್ ಮಾಡುವ ಕೆಲಸ ತೀರಾ ಸರಳ. ಹೊರಗಿನ ಗಾಳಿ ಸಂದಿನೊಳಗೆ ಸೇರಿ, ತೇವದ ಕಲ್ಲನ್ನು ಸವರುತ್ತಾ ಸಾಗುತ್ತದೆ. ಕಲ್ಲಿನ ಮೈಮೇಲಿನ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು, ಹೂಜಿ ಮಾತ್ರ ಗುಡ್ಡದಷ್ಟು ದೊಡ್ಡದು. ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು ಮಾಳಿಗೆಗಳಲ್ಲಿ ಹೊರಬೀಳುತ್ತದೆ. ವರ್ಷವಿಡೀ 8ರಿಂದ 12 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 95ರ ಹತ್ತಿರ. ಫ್ಲರೀನ್ ಬಾಯಿಗೆ ಸಣ್ಣ ಬಾಗಿಲು. ಮಾಳಿಗೆ ನೋಡಿಕೊಳ್ಳುವವನು ಹವಾಮಾನ ನೋಡಿ ಅದನ್ನು ಒಂದಿಷ್ಟು ತೆರೆಯುತ್ತಾನೆ, ಮುಚ್ಚುತ್ತಾನೆ. ಕರೆಂಟು ಬೇಡದ ಈ ಹವಾನಿಯಂತ್ರಣ ಶತಮಾನಗಳಿಂದ ನಡೆದಿದೆ.

ಸುಣ್ಣಕಲ್ಲು ಇನ್ನೊಂದು ವಿಷಯವನ್ನೂ ತೀರ್ಮಾನ ಮಾಡಿಬಿಟ್ಟಿತ್ತು. ಸುತ್ತಲಿನ ಲಾರ್ಜಾಕ್ ಪ್ರಸ್ಥಭೂಮಿಯಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ನೇರ ಪಾತಾಳಕ್ಕೆ. ತೆಳು ಮಣ್ಣು, ಕುರುಚಲು ಹುಲ್ಲು. ಹಸು ಸಾಕುವ ಸೀಮೆಯಲ್ಲ, ಕುರಿಯ ಸೀಮೆ. ಕುರಿಗಳಿಗೆ ನೀರುಣಿಸಲು ಜನ ತಗ್ಗುಗಳ ತಳಕ್ಕೆ ಜೇಡಿ ಬಡಿದು, ಮೇಲೆ ಕಲ್ಲು ಹಾಸಿ ‘ಲವೋಞ್’ ಎಂಬ ತಟ್ಟೆಯಾಕಾರದ ಕುಂಟೆಗಳನ್ನು ಕಟ್ಟಿಕೊಂಡರು. ಕೋಟೆ ಅರಮನೆಗಳಿಗಿಂತ ಈ ಕುಂಟೆಗಳೇ ನನಗೆ ಆ ನಾಡಿನ ನಿಜವಾದ ಸ್ಮಾರಕಗಳಂತೆ ಕಾಣುತ್ತವೆ. 2011ರಲ್ಲಿ ಯುನೆಸ್ಕೋ ಇಲ್ಲಿನ ಕುರಿಗಾರಿಕೆಯ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುರಿ ಹಾಲು ಮತ್ತು ತಣ್ಣನೆ ಗಾಳಿ ಎರಡೂ ಇದ್ದಾಗ ಮೂರನೆಯದು ತಾನಾಗಿ ಬಂತು: ಬೂಸ್ಟು. ಕುರುಬರ ಹುಡುಗನೊಬ್ಬ ಹುಡುಗಿಯ ಹಿಂದೆ ಓಡಿಹೋಗಿ ಬುತ್ತಿಯನ್ನು ಗುಹೆಯಲ್ಲಿ ಮರೆತ, ತಿರುಗಿ ಬಂದಾಗ ಚೀಸ್ ನೀಲಿಯಾಗಿತ್ತು ಎಂಬ ಕಥೆಯನ್ನು ಪ್ರವಾಸಿಗರಿಗೆಲ್ಲ ಹೇಳುತ್ತಾರೆ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಹೊಗಳಿದ್ದು ಇದನ್ನೇ ಎಂಬ ಮಾತೂ ಇದೆ. ಪ್ಲಿನಿ ಆ ಕಡೆಯ ಬೆಟ್ಟಸೀಮೆಯ ಚೀಸನ್ನು ಹೊಗಳಿದ್ದು ನಿಜ. ರೋಕ್‌ಫೋರಿನ ಹೆಸರು ಅಲ್ಲಿಲ್ಲ.

ನೀಲಿ ಬಣ್ಣಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಪೆನಿಸಿಲಿಯಂ ರೋಕ್‌ಫೋರ್ಟಿ ಎಂದು ಹೆಸರು. ಹಾಗೆ ಕರೆದವನು ಅಮೆರಿಕದ ಚಾರ್ಲ್ಸ್ ಥಾಮ್, 1906ರಲ್ಲಿ. ಇದು ಉಪ್ಪಿಗೆ ಜಗ್ಗದು, ಚಳಿಗೆ ಹೆದರದು, ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ. ಆದರೆ ಗಾಳಿ ಸ್ವಲ್ಪವಾದರೂ ಬೇಕು. ಅದಕ್ಕೇ ಚೀಸಿನ ಗಾಲಿಗೆ ಹತ್ತಾರು ಸೂಜಿ ಚುಚ್ಚಿ ತೂತು ಮಾಡುತ್ತಾರೆ. ಒಂದು ಗಾಲಿ ಮೂರು ಕೆ.ಜಿ.ಗೆ ತುಸು ಕಡಿಮೆ; ಲಾಕೋನ್ ತಳಿಯ ಕುರಿಗಳ, ಕಾಯಿಸದ ಹಾಲಿನಿಂದ ಮಾಡಿದ್ದು. ಓಕ್ ಹಲಗೆಗಳ ಮೇಲೆ ಒಂದಕ್ಕೊಂದು ತಾಗದಂತೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ತೂತಿನಲ್ಲಿ ಗಾಳಿ ಹೊಕ್ಕ ಮೇಲೆ ಬೂಸ್ಟು ಒಳಗಿನ ಬಿರುಕುಗಳಲ್ಲಿ ಹಬ್ಬುತ್ತದೆ. ಅದರ ಕಿಣ್ವಗಳು ಕೊಬ್ಬನ್ನು ಮುರಿಯುತ್ತವೆ. ಮುರಿದ ಕೊಬ್ಬಿನಾಮ್ಲಗಳಿಂದ ಮೀಥೈಲ್ ಕೀಟೋನ್‌ಗಳೆಂಬ ರಾಸಾಯನಿಕಗಳು ಹುಟ್ಟುತ್ತವೆ. ಮೂಗಿಗೆ ಹೊಡೆಯುವ ಆ ಘಾಟು ಇವುಗಳದ್ದು. ಕುರಿ ಹಾಲಿನಲ್ಲಿ ಕೊಬ್ಬು ಹಸುವಿನದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಘಾಟೂ ಜಾಸ್ತಿ. (ಇದನ್ನು ಓದಿ ಯಾರೂ ಮನೆಯಲ್ಲಿ ಬೂಸ್ಟು ಹಿಡಿದ ಬ್ರೆಡ್ಡಿಗೆ ಕೈಹಾಕಬೇಡಿ. ಅದು ಯಾವ ಬೂಸ್ಟು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.)

ಇಷ್ಟು ಬೆಲೆಬಾಳುವ ಗಾಳಿಯನ್ನು ಕಾಗದಪತ್ರವಿಲ್ಲದೆ ಬಿಡುವುದುಂಟೆ? 1411ರಲ್ಲೇ ರಾಜ ಆರನೆಯ ಚಾರ್ಲ್ಸ್ ಈ ಚೀಸನ್ನು ಹದಗೊಳಿಸುವ ಹಕ್ಕನ್ನು ಊರಿನವರಿಗೆ ಬರೆದುಕೊಟ್ಟ. 1925ರಲ್ಲಿ ಫ್ರಾನ್ಸಿನ ಸಂಸತ್ತು ಇದರ ಹೆಸರನ್ನು ಕಾಯಲೆಂದೇ ಒಂದು ಕಾನೂನು ಮಾಡಿತು. 1961ರಲ್ಲಿ ಮಿಯೊ ನ್ಯಾಯಾಲಯ ಇನ್ನೂ ಬಿಗಿ ಮಾಡಿತು: ಚೀಸನ್ನು ಎಲ್ಲೇ ಮಾಡಿರಲಿ, ಕೊಂಬಾಲು ಕಲ್ಲುರಾಶಿಯ ಮಾಳಿಗೆಗಳಲ್ಲಿ ಹದವಾಗದಿದ್ದರೆ ಅದು ರೋಕ್‌ಫೋರ್ ಅಲ್ಲ. ಒಂದು ಭೂಕುಸಿತದ ಗಡಿಯೇ ಕಾನೂನಿನ ಗಡಿಯಾಯಿತು.

ಜಗಳಗಳಿಗೂ ಕೊರತೆಯಿಲ್ಲ. 1971ರಲ್ಲಿ ಲಾರ್ಜಾಕ್‌ನ ಸೇನಾ ಶಿಬಿರವನ್ನು 3,000 ಹೆಕ್ಟೇರಿನಿಂದ 17,000ಕ್ಕೆ ಹಿಗ್ಗಿಸಲು ಸರ್ಕಾರ ಹೊರಟಾಗ ಕುರಿಗಾರರು ಎದ್ದು ನಿಂತರು. ಮರುವರ್ಷ ಪ್ಯಾರಿಸ್ಸಿಗೆ 60 ಕುರಿಗಳನ್ನು ಒಯ್ದು ಐಫೆಲ್ ಗೋಪುರದ ಬುಡದಲ್ಲಿ ಮೇಯಲು ಬಿಟ್ಟರು. ಹತ್ತು ವರ್ಷ ಹೋರಾಡಿ 1981ರಲ್ಲಿ ಗೆದ್ದರು. 1999ರಲ್ಲಿ ಅಮೆರಿಕ ಈ ಚೀಸಿನ ಮೇಲೆ ಶೇ. 100 ಸುಂಕ ಹೇರಿದ್ದೂ ಹಾರ್ಮೋನು ಕೊಟ್ಟು ಬೆಳೆಸಿದ ಅದರ ದನದ ಮಾಂಸವನ್ನು ಯುರೋಪು ಬೇಡವೆಂದದ್ದಕ್ಕೆ. ಯಾರದೋ ಜಗಳ, ಪೆಟ್ಟು ಕುರಿಗಾರನಿಗೆ.

ಇವತ್ತು ಫ್ಲರೀನ್‌ಗಳ ಮಹಿಮೆಯನ್ನು ಹಾಡುವವರು ಒಂದು ವಿಷಯವನ್ನು ಮೆಲ್ಲಗೆ ಹೇಳುತ್ತಾರೆ. ನಿಯಮದ ಪ್ರಕಾರ ಚೀಸು ಮಾಳಿಗೆಯಲ್ಲಿ ಮೈತೆರೆದು ಇರಬೇಕಾದದ್ದು ಕನಿಷ್ಠ 14 ದಿನ. ಮಾರಾಟಕ್ಕೆ ಬರುವ ಮುನ್ನ ಒಟ್ಟು 90 ದಿನವಾದರೂ ತುಂಬಬೇಕು. ಉಳಿದ ದಿನಗಳನ್ನು ಅದು ತವರದ ಹಾಳೆ ಸುತ್ತಿಕೊಂಡು ಶೀತಗೃಹದಲ್ಲಿ ಕಳೆಯುವುದೂ ಉಂಟು.

ಬೂಸ್ಟಿನ ಕಥೆಯೂ ಬದಲಾಗಿದೆ. ಹಿಂದೆ ರೈ ಎಂಬ ಧಾನ್ಯದ ಹಿಟ್ಟಿನ ದೊಡ್ಡ ಬ್ರೆಡ್ಡನ್ನು ಹೊರಗೆ ಕರಕಲಾಗುವಂತೆ, ಒಳಗೆ ಹಸಿಹಸಿಯಾಗಿರುವಂತೆ ಸುಟ್ಟು ಮಾಳಿಗೆಯಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಒಡೆದರೆ ಒಳಗೆಲ್ಲ ಹಸಿರು. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಹಾಲಿಗೆ ಬೆರೆಸುತ್ತಿದ್ದರು. ಕೆಲವರು ಈಗಲೂ ಬ್ರೆಡ್ಡು ಸುಡುತ್ತಾರೆ. ಹೆಚ್ಚಿನವರಿಗೆ ಪ್ರಯೋಗಾಲಯದ ಸೀಸೆ ಸಾಕು. ಜಗತ್ತಿನ ಬಹುಪಾಲು ನೀಲಿ ಚೀಸುಗಳಿಗೆ ಈಗ ಒಂದೇ ವಂಶದ, ಬೇಗ ಬೆಳೆಯುವ ಬೂಸ್ಟನ್ನು ಬಳಸುತ್ತಾರೆ; ನಕಲಿನ ಮೇಲೆ ನಕಲು ತೆಗೆದು ತೆಗೆದು ಅದು ಸಂತಾನಶಕ್ತಿಯನ್ನೇ ಕಳೆದುಕೊಳ್ಳುತ್ತಿದೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2024ರಲ್ಲಿ ಎಚ್ಚರಿಸಿದರು. ರೋಕ್‌ಫೋರಿನ ಬೂಸ್ಟು ಬೇರೆಯೇ ವಂಶ, ನಿಧಾನಿ, ವೈವಿಧ್ಯವೂ ಅದರಲ್ಲಿ ಹೆಚ್ಚು ಉಳಿದಿದೆ. ಊರಿನ ಬೂಸ್ಟನ್ನೇ ಬಳಸಬೇಕೆಂಬ ನಿಯಮವೇ ಅದನ್ನು ಉಳಿಸಿರಬೇಕೆಂದು ಅವರ ಊಹೆ. ಆ ಕಟ್ಟಳೆಗೆ ಮೊದಲು ಕೈಹಾಕಿದ 1925ರ ಸಂಸದರಿಗೆ ಜೀನುಗಳ ಗೊಡವೆಯಿರಲಿಲ್ಲ. ಅವರ ತಲೆಯಲ್ಲಿದ್ದದ್ದು ಪೇಟೆಯ ನಕಲಿ ಮಾಲು ಮಾತ್ರ.