ಕೊರೆಯದೆ ನಿಲ್ಲಿಸಬಹುದಾದ ಹುಳುಕು

ಧಾರವಾಡ, ಗದಗ, ಹಾವೇರಿಯ ಕಡೆ ಮಗುವಿನ ಹಲ್ಲು ಕೆಟ್ಟರೆ ‘ಹಲ್ಲಿಗೆ ಹುಳ ಹತ್ಯಾವ’ ಎನ್ನುವುದು ರೂಢಿ. ಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳ ಉದುರಿಸುತ್ತಿದ್ದವರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಹಲ್ಲಿನಲ್ಲಿ ಹುಳು ಇರುವುದಿಲ್ಲ ಎಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತಿದೆ. ಆದರೆ ಆ ಮಾತು ಬಿಟ್ಟುಹೋದ ಯೋಚನೆ ಮಾತ್ರ ಹಾಗೆಯೇ ಉಳಿದಿದೆ: ಕೆಟ್ಟದ್ದು ಒಳಗೆ ಹೊಕ್ಕಿದೆ, ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲವೇ ಹಲ್ಲನ್ನೇ ಕೀಳಿಸಬೇಕು. ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಾತೂ ಇದೆ: ‘ಹೆಂಗಿದ್ರೂ ಬೀಳೋ ಹಲ್ಲು, ಅದಕ್ಯಾಕ ರೊಕ್ಕ ಹಾಕ್ತೀರಿ?’ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಮಕ್ಕಳು ರಾತ್ರಿಯೆಲ್ಲ ಅಳುತ್ತಾರೆ.

ಗದಗಿನಲ್ಲಿರುವ ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಮೇಲಿನ ಮುಂದಿನ ಎರಡು ಹಲ್ಲು ಮತ್ತು ಒಂದು ದವಡೆ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಕುಳಿಬಿದ್ದಿದ್ದವು. ಮೊದಲು ಹೋದ ದವಾಖಾನೆಯಲ್ಲಿ ಯಂತ್ರದ ಸದ್ದು ಕೇಳಿ ಅವನು ಬಾಯಿಯನ್ನೇ ತೆರೆಯಲಿಲ್ಲ. ಪೂರ್ಣ ಅರಿವಳಿಕೆ ಕೊಟ್ಟೇ ಮಾಡಬೇಕು ಎಂದು ಅಲ್ಲಿ ಹೇಳಿದಾಗ ತಂಗಿ ಹೆದರಿ ಮನೆಗೆ ಮರಳಿದಳು. ಕೆಲವು ವಾರಗಳ ಮೇಲೆ ಮಕ್ಕಳ ಹಲ್ಲಿನ ತಜ್ಞರೊಬ್ಬರು ಕೊರೆಯದೆ, ಸೂಜಿ ಚುಚ್ಚದೆ, ಎಂಥದೋ ದ್ರವವನ್ನು ಹಚ್ಚಿ ಕಳಿಸಿದರು. ಮರುದಿನ ಅವಳ ಫೋನು ಬಂತು: ‘ಅಕ್ಕಾ, ಹಲ್ಲು ಪೂರಾ ಕರ್ರಗಾಗ್ಯಾವ, ಏನರ ತಪ್ಪು ಔಷಧ ಹಚ್ಯಾರೇನ?’ ತಪ್ಪು ಔಷಧವಾಗಿರಲಿಲ್ಲ. ಹಾಗೆ ಕಪ್ಪಾಗುತ್ತದೆ ಎಂಬುದನ್ನು ಅವಳಿಗೆ ಮನದಟ್ಟಾಗುವಂತೆ ಯಾರೂ ಹೇಳಿರಲಿಲ್ಲ, ಅಷ್ಟೆ. ಈ ಲೇಖನ ಬರೆಯುವುದಕ್ಕೆ ಆ ಫೋನೇ ಕಾರಣ.

ಹುಳುಕು ಒಂದೇ ದಿನ ಆಗುವುದಲ್ಲ. ಹಲ್ಲಿನ ಮೇಲೆ ಪೊರೆಯಂತೆ ಕೂರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಅಲ್ಲಿನ ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಹೋಗುತ್ತವೆ. ಬಾಯಿ ಸ್ವಲ್ಪ ಹೊತ್ತು ಖಾಲಿಯಿದ್ದರೆ ಜೊಲ್ಲು ಆ ಆಮ್ಲವನ್ನು ತಣಿಸಿ ಅದೇ ಖನಿಜಗಳನ್ನು ಮರಳಿ ತುಂಬುತ್ತದೆ. ಎರಿಭೂಮಿಯಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗುವುದನ್ನೂ, ಒಡ್ಡು ಹಾಕಿದರೆ ಅದು ನಿಲ್ಲುವುದನ್ನೂ ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲನ್ನು ಕುಡಿಯುತ್ತಲೇ ಮಗು ನಿದ್ದೆಹೋದರೆ, ರಾತ್ರಿ ಜೊಲ್ಲಿನ ಹರಿವು ಕಡಿಮೆಯಿರುವುದರಿಂದ, ತುಂಬುವ ಕೆಲಸ ನಿಂತು ಕರಗುವ ಕೆಲಸವೇ ನಡೆಯುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ದಿನವಿಡೀ ಕೈಗೆ ಕೊಡುತ್ತಿದ್ದರೂ ಆಗುವುದು ಇದೇ. ಹಬ್ಬಕ್ಕೊಮ್ಮೆ ತಿಂದ ಪೇಢೆಗಿಂತ, ತಾಸಿಗೊಮ್ಮೆ ತಿಂದ ಒಂದೊಂದು ಬಿಸ್ಕತ್ತು ಹಲ್ಲಿಗೆ ಹೆಚ್ಚು ಕೆಡುಕು.

ಹಾಲುಹಲ್ಲುಗಳು ಒಟ್ಟು 20. ಅವುಗಳ ಎನಾಮೆಲ್ ತೆಳುವಾಗಿದ್ದು ನರ, ರಕ್ತನಾಳಗಳಿರುವ ಒಳಗಿನ ತಿರುಳು ಮೇಲ್ಮೈಗೆ ಹತ್ತಿರವಿರುವುದರಿಂದ ಹುಳುಕು ಅವುಗಳಲ್ಲಿ ಬೇಗ ಆಳಕ್ಕಿಳಿಯುತ್ತದೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಾಲುದವಡೆಗಳಲ್ಲಿ ಎರಡನೆಯದು 10ರಿಂದ 12ನೇ ವರ್ಷದವರೆಗೆ ಬಾಯಿಯಲ್ಲಿರಬೇಕು. ಮಗು ಅಗಿಯುವುದು ಅದರಿಂದ. ಆರನೇ ವರ್ಷಕ್ಕೆ ಅದರ ಹಿಂದೆ ಹುಟ್ಟುವ ಶಾಶ್ವತ ದವಡೆ ಹಲ್ಲು ಮುಂದಕ್ಕೆ ಸರಿಯದಂತೆ ಜಾಗ ಕಾಯುವುದೂ ಅದೇ. ಹೀಗಾಗಿ ಚಿಕಿತ್ಸೆಯ ಗುರಿ ಆ ಹಲ್ಲನ್ನು ಬೀಳುವ ದಿನದವರೆಗೆ ನೋವಿಲ್ಲದೆ ಉಳಿಸುವುದು. ಅದಕ್ಕೆ ಹುಳುಕನ್ನು ಕೊನೆಯ ಕಣದವರೆಗೆ ಕೆತ್ತಿ ತೆಗೆಯಲೇಬೇಕೆಂದಿಲ್ಲ, ಅದು ಮುಂದುವರಿಯದಂತೆ ನಿಲ್ಲಿಸಿದರೂ ಸಾಕು.

ನನ್ನ ತಂಗಿಯ ಮಗನಿಗೆ ಹಚ್ಚಿದ್ದು ಸಿಲ್ವರ್ ಡೈಅಮೀನ್ ಫ್ಲೋರೈಡ್, ಶೇ 38ರ ದ್ರಾವಣ. ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು 1960ರ ದಶಕದಲ್ಲಿ ರೂಪಿಸಿದ ಈ ದ್ರವವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಈಗ ಭಾರತದಲ್ಲಿಯೂ ತಯಾರಾಗುತ್ತದೆ. ಇದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿಗೊಳಿಸುತ್ತದೆ. ಹಚ್ಚುವ ಕೆಲಸ ಬಲು ಸರಳ: ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯಿಂದ ಹಲ್ಲನ್ನು ಒಣಗಿಸಿ, ಸಣ್ಣ ಕುಂಚದಿಂದ ದ್ರವವನ್ನು ಕುಳಿಗೆ ಸವರಿ ಒಂದು ನಿಮಿಷ ಬಿಡುತ್ತಾರೆ. ಒಂದು ಹನಿ ನಾಲ್ಕೈದು ಹಲ್ಲುಗಳಿಗೆ ಸಾಕು. ಬಾಯಲ್ಲಿ ಲೋಹದ ರುಚಿ ಬರುತ್ತದೆ; ಚರ್ಮಕ್ಕೆ ತಗುಲಿದ ಕಲೆ ಒಂದೆರಡು ವಾರಗಳಲ್ಲಿ ಹೋಗುತ್ತದೆ, ಅಂಗಿಗೆ ತಗುಲಿದ್ದು ಹೋಗುವುದಿಲ್ಲ. ಹೀಗೆ ಹಚ್ಚಿದ ಕುಳಿಗಳಲ್ಲಿ 100ಕ್ಕೆ ಸುಮಾರು 80ರಲ್ಲಿ ಹುಳುಕು ನಿಲ್ಲುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ವರ್ಷಕ್ಕೊಮ್ಮೆ ಹಚ್ಚುವುದಕ್ಕಿಂತ ಆರು ತಿಂಗಳಿಗೊಮ್ಮೆ ಹಚ್ಚಿದರೆ ಫಲ ಹೆಚ್ಚು. ಮುಂದಿನ ಹಲ್ಲುಗಳಲ್ಲಿ ಹಿಂದಿನವುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕಪ್ಪು ಬಣ್ಣ ಬೆಳ್ಳಿಯದು. ಅದು ಕೂರುವುದು ಹುಳುಕು ಹಿಡಿದ ಜಾಗದಲ್ಲಿ ಮಾತ್ರ, ಗಟ್ಟಿ ಎನಾಮೆಲ್ ಬಿಳಿಯಾಗಿಯೇ ಉಳಿಯುತ್ತದೆ. ನಿಂತ ಹುಳುಕು ಕರಿಗಲ್ಲಿನಂತೆ ಕಪ್ಪಾಗಿ ಗಟ್ಟಿಯಿರುತ್ತದೆ, ನಡೆಯುತ್ತಿರುವ ಹುಳುಕು ಹಳದಿಯಾಗಿ ಅಥವಾ ತಿಳಿಗಂದಾಗಿ, ಮುಟ್ಟಿದರೆ ಮೆತ್ತಗಿರುತ್ತದೆ. ನಗುವಾಗ ಕಾಣುವ ಹಲ್ಲು ಕಪ್ಪಾಗುವುದು ತಾಯಿಗೆ ಸಣ್ಣ ವಿಷಯವಲ್ಲ. ಆದ್ದರಿಂದ ಹಚ್ಚುವ ಮೊದಲೇ ಹಿಂದೆ ಹಚ್ಚಿದ ಹಲ್ಲಿನ ಚಿತ್ರ ತೋರಿಸಿ, ಮನೆಯವರ ಒಪ್ಪಿಗೆ ಕೇಳುವುದು ವೈದ್ಯರ ಕರ್ತವ್ಯ ಎಂದು ನಾನು ಬಲವಾಗಿ ನಂಬುತ್ತೇನೆ.

ದವಡೆ ಹಲ್ಲಿಗೆ ಬೇರೊಂದು ದಾರಿಯಿದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಹುಳುಕನ್ನು ತೆಗೆಯದೆಯೇ, ಹಲ್ಲನ್ನು ಅರೆಯದೆಯೇ, ಅದರ ಮೇಲೆ ಸ್ಟೀಲಿನ ಕ್ಯಾಪನ್ನು ಸಿಮೆಂಟು ತುಂಬಿ ಕೂರಿಸತೊಡಗಿದರು. ಒಳಗೆ ಮುಚ್ಚಿಹೋದ ಬ್ಯಾಕ್ಟೀರಿಯಾಗಳಿಗೆ ಹೊರಗಿನ ಸಕ್ಕರೆ ಸಿಗದೆ ಹುಳುಕು ಅಲ್ಲಿಯೇ ನಿಲ್ಲುತ್ತದೆ. ಕೇಳಿದವರಿಗೆ ಮೊದಲು ನಂಬಿಕೆ ಬರುವುದಿಲ್ಲ. ಹುಳವನ್ನು ಒಳಗಿಟ್ಟೇ ಮುಚ್ಚಿದಂತೆ ತೋರುತ್ತದೆ. ಆದರೆ ಸ್ಕಾಟ್ಲೆಂಡಿನಲ್ಲಿ 132 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಐದು ವರ್ಷಗಳ ನಂತರ ನೋವು, ಕೀವಿನಂತಹ ದೊಡ್ಡ ತೊಂದರೆ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಶೇ 3ರಷ್ಟರಲ್ಲಿ, ವಾಡಿಕೆಯಂತೆ ತುಂಬಿಸಿದವುಗಳಲ್ಲಿ ಶೇ 16.5ರಷ್ಟರಲ್ಲಿ ಕಂಡುಬಂತು. ಕ್ಯಾಪ್ ಕೂತ ಮೇಲೆ ಕೆಲವು ದಿನ ಹಲ್ಲು ಎತ್ತರವಾದಂತೆ ಅನಿಸಿ ಮಗು ಕಿರಿಕಿರಿ ಮಾಡಬಹುದು, ತಾನಾಗಿಯೇ ಹೊಂದಿಕೊಳ್ಳುತ್ತದೆ. ಸಣ್ಣ ಕುಳಿಯಾದರೆ, 1980ರ ದಶಕದ ನಡುವೆ ಟಾಂಜಾನಿಯಾದಲ್ಲಿ ಆರಂಭವಾದ ಪದ್ಧತಿಯಂತೆ, ಕೈ ಉಪಕರಣದಿಂದ ಮೆತ್ತಗಿನದನ್ನಷ್ಟೇ ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟು ತುಂಬಿಸಬಹುದು, ಕರೆಂಟೂ ಬೇಕಿಲ್ಲ.

ಫ್ಲೋರೈಡ್ ಎಂದೊಡನೆ ಗದಗ ಜಿಲ್ಲೆಯವರು, ಅದರಲ್ಲೂ ಮುಂಡರಗಿ ಕಡೆಯವರು, ಬೆಚ್ಚಿಬೀಳುವುದು ಸಹಜ. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿದೆ, ಹಲ್ಲಿನ ಮೇಲಿನ ಕಂದು ಕಲೆಗಳನ್ನು ಅವರು ಮನೆಮನೆಯಲ್ಲಿ ಕಂಡಿದ್ದಾರೆ. ಆ ಕಲೆ ಬರುವುದು ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಅಂಥ ನೀರನ್ನು ದಿನವೂ ಕುಡಿದಾಗ. ಆರು ತಿಂಗಳಿಗೊಮ್ಮೆ ಕುಳಿಗೆ ಸವರುವ ಹನಿಯ ಲೆಕ್ಕ ಬೇರೆ. ಆದರೂ ಕುಡಿಯುವ ನೀರು ಎಲ್ಲಿಯದು ಎಂಬುದನ್ನು ವೈದ್ಯರಿಗೆ ಹೇಳಬೇಕು, ಮನೆಯಲ್ಲಿ ಪೇಸ್ಟನ್ನು ಹಿರಿಯರೇ ಹಾಕಿಕೊಡಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು.

ಕೊರೆಯದೆ ಹುಳುಕು ನಿಲ್ಲಿಸುವ ಈ ದಾರಿಗಳು ಎಲ್ಲ ಹಲ್ಲಿಗೂ ಹೊಂದುವುದಿಲ್ಲ. ನೋವಿನಿಂದ ಮಗು ರಾತ್ರಿ ಎದ್ದು ಅಳುತ್ತಿದ್ದರೆ, ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿದ್ದರೆ, ಕೆನ್ನೆ ಊದಿದ್ದರೆ ಹುಳುಕು ತಿರುಳನ್ನು ಮುಟ್ಟಿದೆ ಎಂದರ್ಥ. ಆಗ ಬೇರು ಚಿಕಿತ್ಸೆಯೋ, ಹಲ್ಲು ಕೀಳುವುದೋ ಬೇಕಾಗುತ್ತದೆ. ಬೆಳ್ಳಿ ಒಗ್ಗದವರಿಗೂ ಈ ದ್ರವ ಹಚ್ಚಬಾರದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಣೆ ಮಾಡಬೇಕೆಂದಿದೆ, ಹಲ್ಲಿನ ತೊಂದರೆಯೂ ಆ ಪಟ್ಟಿಯಲ್ಲಿದೆ. ದ್ರವ ಹಚ್ಚಬೇಕಾದದ್ದೂ ವರ್ಷಕ್ಕೆರಡು ಬಾರಿ. ತಂಡದ ಜೊತೆ ಒಬ್ಬ ದಂತವೈದ್ಯರು, ಒಂದು ಚಿಕ್ಕ ಸೀಸೆ, ಹತ್ತಿ, ಕುಂಚ, ಮತ್ತು ತಾಯಂದಿರಿಗೆ ತೋರಿಸಲು ಕಪ್ಪಾದ ಹಲ್ಲಿನ ಒಂದು ಚಿತ್ರ ಇದ್ದರೆ, ಹಾನಗಲ್ಲಿನ ಅಥವಾ ಶಿರಹಟ್ಟಿಯ ಅಂಗನವಾಡಿಯ ಚಾಪೆಯ ಮೇಲೆಯೇ ಈ ಕೆಲಸ ಮುಗಿಯುತ್ತದೆ.